ಕೆಂಪು ದಾರದ ಟ್ಯೂಬು

ಯಂತ್ರದ ಪರದೆಯ ಮೇಲೆ ಆ ಅಂಕಿ ಮೂಡಿದಾಗ ಅವಳು ಮೊದಲು ಮಾಡಿದ್ದು ಕನ್ನಡಕ ತೆಗೆದು ಬಿಳಿ ಕೋಟಿನ ತುದಿಯಿಂದ ಒರೆಸಿದ್ದು. ಒರೆಸಿ ಹಾಕಿಕೊಂಡರೂ ಅಂಕಿ ಕದಲಲಿಲ್ಲ. ಲಿವರಿಗೆ ಸಂಬಂಧಪಟ್ಟ ಅಂಕಿ ಅದು, ಕುಡಿಯುವವರಲ್ಲಿ ಬೇಗ ಏರುವಂಥದ್ದು, ಇರಬೇಕಾದ್ದಕ್ಕಿಂತ ದುಪ್ಪಟ್ಟಾಗಿತ್ತು. ಬೇರೆ ಯಾರದೇ ಆಗಿದ್ದರೆ ಚಹಾ ಹೀರುತ್ತಲೇ ಮುಂದಿನ ಟ್ಯೂಬಿಗೆ ಕೈ ಹಾಕುತ್ತಿದ್ದಳು. ಆಸ್ಪತ್ರೆಯ ಈ ನೆಲಮಾಳಿಗೆಯ ಲ್ಯಾಬಿನಲ್ಲಿ ಇಂಥ ಅಂಕಿಗಳನ್ನು ನೋಡಿ ನೋಡಿಯೇ ಅವಳ ಕೂದಲು ಬೆಳ್ಳಗಾಗಿತ್ತು. ಆದರೆ ಈ ಟ್ಯೂಬಿನ ಕೊರಳಿಗೆ ಕೆಂಪು ದಾರವಿತ್ತು. ಕೆಂಪು ಎಂದರೆ ಮಗ. ಬಂತು, ಎಂದುಕೊಂಡಳು. ಕೊನೆಗೂ ಬಂತು. ಎದೆ ಧಸಕ್ಕೆಂದದ್ದು ನಿಜ, ಆದರೆ ಎಲ್ಲಕ್ಕಿಂತ ಕೆಳಗೆ, ಯಾರಿಗೂ ಹೇಳಿಕೊಳ್ಳಲಾಗದ ಜಾಗದಲ್ಲಿ, ಸಣ್ಣದೊಂದು ಸಮಾಧಾನವೂ ಇತ್ತು: ನಾನು ಹೇಳಿರಲಿಲ್ಲವೇ? ಮಗ ತೊಟ್ಟಿಲಲ್ಲಿದ್ದಾಗಿನಿಂದ ಹೇಳುತ್ತಿದ್ದೇನೆ, ಇವನಿಗೆ ನನ್ನಪ್ಪನ ರಕ್ತ ಬಂದಿದೆ ಅಂತ. ಹೆತ್ತವಳಿಗೆ ಇಂಥ ಹೊತ್ತಿನಲ್ಲೂ ಗೆದ್ದ ಹಾಗೆ ಅನ್ನಿಸಬಹುದೇ ಎಂದು ತನ್ನ ಮೇಲೆ ತಾನೇ ಸಿಡಿಮಿಡಿಗೊಂಡು, ಅದೇ ಟ್ಯೂಬನ್ನು ಮತ್ತೊಮ್ಮೆ ಯಂತ್ರಕ್ಕೆ ಕೊಟ್ಟಳು. ಯಂತ್ರ ಗುರುಗುಟ್ಟಿ ಅದೇ ಮಾತನ್ನು ಹೇಳಿತು.

ಅವಳ ಮನೆಯಲ್ಲಿ ಮಗನ ಹುಟ್ಟುಹಬ್ಬ ಸೂಜಿಯಿಂದ ಶುರುವಾಗುತ್ತಿತ್ತು. ಬೇರೆಯವರ ಮನೆಯಲ್ಲಿ ಆ ದಿನ ಕೇಕು ಕೊಯ್ದರೆ ಇವರ ಮನೆಯಲ್ಲಿ ಮೊದಲು ನಾಲ್ಕು ತೋಳುಗಳು ಊಟದ ಮೇಜಿನ ಮೇಲೆ ಸಾಲಾಗಿ ಬಿದ್ದಿರಬೇಕು, ಎಲ್ಲರೂ ಖಾಲಿ ಹೊಟ್ಟೆಯಲ್ಲಿ, ಎಲ್ಲರೂ ಮುಖ ಗಂಟು ಹಾಕಿಕೊಂಡು. ರಕ್ತ ಕೊಟ್ಟಮೇಲೆ ತಿಂಡಿ. ಮಗ ಚಿಕ್ಕವನಿದ್ದಾಗ ಸೂಜಿಗೆ ಅಳದಿರಲೆಂದು ಹೊಲಿಗೆ ಪೆಟ್ಟಿಗೆ ಮುಂದಿಟ್ಟು, ನಿನ್ನ ಟ್ಯೂಬಿಗೆ ಯಾವ ಬಣ್ಣದ ದಾರ ಬೇಕೋ ಆರಿಸಿಕೋ ಎಂದಿದ್ದಳು. ಅವನು ಕೆಂಪು ಆರಿಸಿದ. ಅಂದಿನಿಂದ ಅದೇ ಪದ್ಧತಿಯಾಯಿತು: ಮಗನಿಗೆ ಕೆಂಪು, ಗಂಡನಿಗೆ ನೀಲಿ, ಅತ್ತೆಗೆ ಬಿಳಿ, ತನಗೆ ಹಸಿರು. ಲ್ಯಾಬಿನಲ್ಲಿ ಹೆಸರು ಬರೆದು ಅಂಟಿಸುವ ಚೀಟಿ ಹೊರಗಿನವರಿಗೆ. ಮನೆಯವರ ರಕ್ತಕ್ಕೆ ದಾರವೇ ಸಾಕು. ಮಗ ಮೀಸೆ ಬಂದಮೇಲೂ, ಲಿಫ್ಟ್ ರಿಪೇರಿ ಕಲಿತು ಕೆಲಸಕ್ಕೆ ಸೇರಿದಮೇಲೂ, ಹುಟ್ಟುಹಬ್ಬದ ಬೆಳಿಗ್ಗೆ ಗೊಣಗುತ್ತ ತೋಳು ಚಾಚುತ್ತಿದ್ದ. ಈ ಸಲವೂ ಚಾಚಿದ್ದ. ಒಂದೇ ವ್ಯತ್ಯಾಸವೆಂದರೆ ಭೂಗೋಳದ ಮೇಷ್ಟ್ರಾಗಿದ್ದ ಗಂಡ ಈ ವರ್ಷ ನಿವೃತ್ತನಾಗಿ, ಮನೆಯಲ್ಲಿ ಮಾಡಲು ಕೆಲಸ ಹುಡುಕಿಕೊಂಡು ಓಡಾಡುತ್ತಿದ್ದ. ಅತ್ತೆಯ ನರ ಮುಟ್ಟಿದರೆ ಜಾರಿಕೊಳ್ಳುವ ಜಾತಿಯದು. ಅದರ ಬೆನ್ನು ಹತ್ತಿ ಅವಳು ಬಗ್ಗಿದ್ದಾಗ, ನೀನು ಅಮ್ಮನ್ನ ನೋಡ್ಕೋ, ದಾರ ನಾನು ಕಟ್ತೀನಿ ಎಂದು ಮುಂದೆ ಬಂದಿದ್ದ. ಕಟ್ಟಿದ್ದೂ ಅಂದವಾಗಿಯೇ ಕಟ್ಟಿದ್ದ, ಹೂವಿನಂಥ ಗಂಟು. ಪರವಾಗಿಲ್ಲ, ಇವರೂ ಒಂದು ಕೆಲಸಕ್ಕೆ ಬಂದರು ಎಂದುಕೊಂಡಿದ್ದಳು. ಮಾರುಕಟ್ಟೆಗೆ ಕಳಿಸಿದರೆ ಪ್ರತಿ ಸಲ ಕಾಯಿ ಟೊಮೆಟೊ ತರುವ ಮನುಷ್ಯ.

ಅವಳ ಅಪ್ಪ ಬೀಗ ರಿಪೇರಿ ಮಾಡುತ್ತಿದ್ದ. ಊರಿನ ಯಾವ ಬೀಗವನ್ನಾದರೂ ಒಂದು ತಂತಿಯಲ್ಲಿ ತೆಗೆಯುತ್ತಿದ್ದವನು ಸಂಜೆ ಕಳೆದು ಮನೆಗೆ ಬಂದಾಗ ತನ್ನ ಮನೆಯ ಬೀಗದ ತೂತು ಸಿಗದೆ ಒದ್ದಾಡುತ್ತಿದ್ದ. ಒಳಗೆ ಪಾಠ ಓದುವ ನೆಪದಲ್ಲಿ ಕೂತ ಹುಡುಗಿಗೆ ಬೀಗದ ಕೈ ಬಾಗಿಲ ಮೇಲೆ ಕೆರೆಯುವ ಸದ್ದಿನಲ್ಲೇ ಅಪ್ಪ ಎಷ್ಟು ಕುಡಿದಿದ್ದಾನೆಂದು ಗೊತ್ತಾಗುತ್ತಿತ್ತು. ಕೆರೆಯುತ್ತ ಅವನು ಶಿಳ್ಳೆಯಲ್ಲಿ ಒಂದು ಹಾಡು ಹಾಕುತ್ತಿದ್ದ, ಸೊಗಸಾಗಿ, ಕೊಂಕಿಲ್ಲದೆ. ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ಅಮ್ಮ ಎದ್ದು ಹೋಗಿ ಬಾಗಿಲು ತೆಗೆದುಬಿಡುತ್ತಿದ್ದಳು. ಉಳಿದರ್ಧ ಹುಡುಗಿ ಕೇಳಿದ್ದೇ ಇಲ್ಲ. ಆಮೇಲೆ ಅಪ್ಪ ಅವಳನ್ನು ಎತ್ತಿ ಮೇಜಿನ ಮೇಲೆ ಕೂರಿಸಿ, ನಾಳೆ ನಿನಗೆ ಆನೆ ತಂದುಕೊಡುತ್ತೇನೆ ಎನ್ನುತ್ತಿದ್ದ. ಬೆಳಿಗ್ಗೆ ಎದ್ದರೆ ಅದೇ ಮನುಷ್ಯ ಮಾತಿಲ್ಲದೆ, ನಗುವಿಲ್ಲದೆ, ಗೋಡೆಗೆ ಮುಖ ಮಾಡಿ ಚಹಾ ಕುಡಿಯುತ್ತಿದ್ದ. ಅಮ್ಮ ಅಳುತ್ತಿದ್ದಳು, ಅಜ್ಜಿ ಶಪಿಸುತ್ತಿದ್ದಳು, ಅವಳು ಇಬ್ಬರ ಜೊತೆಯೂ ಸೇರಿಕೊಂಡು ಹೌದು ಹೌದು ಎನ್ನುತ್ತಿದ್ದಳು. ಆದರೆ ಅವಳಿಗೆ ಇಷ್ಟವಾಗುತ್ತಿದ್ದದ್ದು ಕುಡಿದ ಅಪ್ಪನೇ. ಇದನ್ನು ಇವತ್ತಿನವರೆಗೂ ಯಾರೊಂದಿಗೂ ಹೇಳಿರಲಿಲ್ಲ. ಅಮ್ಮ ಸತ್ತ ದಿನ ಕೂಡ ಬಾಯಿ ಬಿಟ್ಟಿರಲಿಲ್ಲ. ಒಮ್ಮೆ ಅಡುಗೆಮನೆಯಲ್ಲಿ ತುಟಿ ಚೂಪು ಮಾಡಿ ಅಪ್ಪನ ಶಿಳ್ಳೆ ಹಾಕಲು ನೋಡಿದಾಗ ಅಮ್ಮ ಸೌಟಿನಿಂದ ಬಾಯಿಗೇ ಕೊಟ್ಟಿದ್ದಳು. ಆಮೇಲೆ ಅವಳು ಶಿಳ್ಳೆ ಹಾಕಲಿಲ್ಲ. ಮಗ ಹಾಕಿದರೂ ಗದರಿಸುತ್ತಿದ್ದಳು. ಮಗ ನಕ್ಕರೆ ಅಪ್ಪನ ನಗು, ಲೋಟ ಹಿಡಿದರೆ ಅಪ್ಪನ ಬೆರಳು. ಸ್ನೇಹಿತರ ಜೊತೆ ಹೋಗಿ ಬಂದ ದಿನ ಅವನ ಅಂಗಿಯನ್ನು ಬಕೆಟ್ಟಿಗೆ ಹಾಕುವ ಮುಂಚೆ ಮೂಗಿಗೆ ಹಿಡಿಯುತ್ತಿದ್ದಳು. ಗ್ರೀಸಿನ ವಾಸನೆ ಬಿಟ್ಟು ಬೇರೇನೂ ಸಿಕ್ಕಿರಲಿಲ್ಲ. ಸಿಗದ ದಿನಗಳಲ್ಲಿ ಅವಳಿಗೆ ಇನ್ನೂ ಹೆಚ್ಚು ಭಯವಾಗುತ್ತಿತ್ತು.

ರೋಗಪರೀಕ್ಷೆಯ ಡಾಕ್ಟರಮ್ಮ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆಯೇ ಇವಳ ಮಾತು ಕೇಳಿದರು. ಪರಿಚಯದವರೊಬ್ಬರ ಹುಡುಗ, ಎಂದು ಶುರು ಮಾಡಿದ್ದಳು. ಹೇಳುತ್ತ ಹೇಳುತ್ತ ಹುಡುಗನ ತಾತನೂ ಬಂದ, ಬೀಗವೂ ಬಂತು. ಡಾಕ್ಟರಮ್ಮನಿಗೆ ಅರ್ಥವಾಯಿತೋ ಏನೋ, ತಲೆಯೆತ್ತಿ ಕುರ್ಚಿ ತೋರಿಸಿದರು. ಅವರಿಗೆ ವಿವರಿಸುವುದೆಂದರೆ ಖುಷಿ. ಕುಡಿತದ ಕಡೆ ವಾಲುವುದರಲ್ಲಿ ಸುಮಾರು ಅರ್ಧ ಹುಟ್ಟಿನಿಂದ ಬಂದದ್ದಂತೆ, ಇನ್ನರ್ಧ ಬದುಕಿನಿಂದ, ಕೂತು ಎದ್ದ ಜನರಿಂದ. ಅದೂ ಆಯುಸ್ಸಿನುದ್ದಕ್ಕೂ ಒಂದೇ ಸಮ ಇರುವುದಿಲ್ಲವಂತೆ. ಹುಡುಗಾಟದ ವಯಸ್ಸಿನಲ್ಲಿ ಮನೆ ಮತ್ತು ಗೆಳೆಯರದೇ ಕಾರುಬಾರು. ವಯಸ್ಸಾಗುತ್ತ ರಕ್ತ ಬಾಯಿ ಬಿಡುತ್ತದೆ. ಆಮೇಲೆ ಮದುವೆ, ಕೆಲಸ, ಒಂಟಿತನ, ಒಬ್ಬೊಬ್ಬರೂ ಬಂದು ಕೈಯಾಡಿಸಿ ಹೋಗುತ್ತಾರೆ. “ರಕ್ತ ಅನ್ನೋದು ಆಜ್ಞೆ ಅಲ್ಲಮ್ಮ, ಒಂದು ಒಲವು ಅಷ್ಟೆ. ಲಿವರ್ ಏರೋಕೆ ಬೇರೆ ಕಾರಣಾನೂ ಇರತ್ತೆ. ಮೊದಲು ಕೇಳಿ, ಏನೇನು ತಗೋತಾರೆ ಅಂತ. ಆಮೇಲೆ ಇನ್ನೊಂದು ಸಲ ರಕ್ತ ತೆಗೀರಿ,” ಎಂದರು. ಅವಳು ತಲೆಯಾಡಿಸಿದಳು. ಆದರೆ ಕಿವಿಗೆ ಬಿದ್ದದ್ದು ಒಂದೇ ಮಾತು, ವಯಸ್ಸಾಗುತ್ತ ರಕ್ತ ಬಾಯಿ ಬಿಡುತ್ತದೆ.

ಅರ್ಧ, ಅರ್ಧ ಎಂದುಕೊಳ್ಳುತ್ತ ಲ್ಯಾಬಿಗೆ ಮರಳಿದಳು. ಅಪ್ಪ ಕುಡಿತ ಬಿಟ್ಟದ್ದು ನೆನಪಾಯಿತು. ಅಮ್ಮನ ಕಣ್ಣೀರಿಗೆ ಬಿಡಲಿಲ್ಲ, ಡಾಕ್ಟರು ಹೆದರಿಸಿದ್ದಕ್ಕೆ ಬಿಡಲಿಲ್ಲ. ಪಕ್ಕದಂಗಡಿಯ ಕೊಡೆ ರಿಪೇರಿಯವನು ಮಗಳ ಮನೆಗೆಂದು ಊರು ಬಿಟ್ಟ ವಾರ ಬಿಟ್ಟುಬಿಟ್ಟ. ಅವನಿಲ್ಲದೆ ಯಾವ ಸುಖಕ್ಕೆ, ಎಂದಿದ್ದನಂತೆ. ಅಷ್ಟು ಹೊತ್ತಿಗೆ ಅವಳಿಗೆ ಮದುವೆಯಾಗಿ ಮಗನೂ ಹುಟ್ಟಿ ಈ ಕೆಲಸ ಹಿಡಿದಾಗಿತ್ತು. ಆಗಾಗ ಮಗನನ್ನು ಅಪ್ಪನ ಅಂಗಡಿಯಲ್ಲಿ ಬಿಟ್ಟು ಡ್ಯೂಟಿಗೆ ಓಡುತ್ತಿದ್ದಳು, ಸಂಜೆ ಬಂದು ಬಾಗಿಲಲ್ಲೇ ಎತ್ತಿಕೊಂಡು ಹೋಗುತ್ತಿದ್ದಳು. ಒಳಗೆ ಹೋಗಿ ಕೂತು ಅಪ್ಪನ ಜೊತೆ ಮಾತಾಡಿದ್ದು ಕಡಿಮೆ. ಕುಡಿಯದ ಅಪ್ಪ ಬೆಳಗಿನ ಅಪ್ಪನೇ ಇರಬೇಕು, ಅವನ ಹತ್ತಿರ ಏನು ಮಾತಾಡುವುದು ಎಂದು ಅಂದುಕೊಂಡಿದ್ದಳು. ಈಗ ಕೈಯಲ್ಲಿ ಯಾರದೋ ಟ್ಯೂಬು ಹಿಡಿದು ನಿಂತವಳಿಗೆ ಸಂಜೆ ಏಳು ಗಂಟೆ ಆದರೆ ಸಾಕು ಅನ್ನಿಸಿತು. ಏಳಕ್ಕೆ ಅತ್ತೆಯ ಜೊತೆ ಬಾಲ್ಕನಿಯಲ್ಲಿ ಕೂತು ಟಾನಿಕ್ ತೆಗೆದುಕೊಳ್ಳುವ ಹೊತ್ತು ಅವಳ ದಿನದ ಒಳ್ಳೆಯ ಹೊತ್ತು. ಸೀಸೆಯ ಮೇಲೆ ಕೆನ್ನೆ ಉಬ್ಬಿದ ಮಗುವಿನ ಚಿತ್ರವಿತ್ತು. ನರಗಳಿಗೆ ಒಳ್ಳೆಯದು, ನಿದ್ದೆಗೂ ಒಳ್ಳೆಯದು ಎಂದು ಅತ್ತೆ ಎರಡು ವರ್ಷದ ಹಿಂದೆ ಶುರು ಮಾಡಿಸಿದ್ದು. ಅದು ಕುಡಿದ ಮೇಲೆ ಕಾಲು ಬೆಚ್ಚಗಾಗುತ್ತಿತ್ತು, ಲ್ಯಾಬಿನ ಜಗಳಗಳೆಲ್ಲ ದೂರದ ಊರಿನ ಸುದ್ದಿಯಾಗುತ್ತಿದ್ದವು.

ಆದರೆ ಏಳಕ್ಕೆ ಇನ್ನೂ ಬಹಳ ಹೊತ್ತಿತ್ತು, ಮಗ ಈಗ, ಈ ಗಳಿಗೆಯಲ್ಲಿ, ಯಾವುದೋ ಎತ್ತರದ ಕಟ್ಟಡದ ಲಿಫ್ಟಿನ ಬಾವಿಯಲ್ಲಿ ತೂಗಾಡುತ್ತಿದ್ದ. ಕುಡಿಯುವವನ ಕೈ ನಡುಗಿದರೆ? ಈ ಯೋಚನೆ ಒಮ್ಮೆ ಬಂದಮೇಲೆ ನಿಲ್ಲಲಾಗಲಿಲ್ಲ. ಊಟದ ಬಿಡುವಿನಲ್ಲಿ ಕೋಟು ಕೂಡ ಬಿಚ್ಚದೆ ಬಸ್ಸು ಹತ್ತಿದಳು. ಬಸ್ಸಿನಲ್ಲಿ ಪಕ್ಕ ಕೂತವಳು ಇವಳ ಕೋಟು ನೋಡಿ ತನ್ನ ಮೊಣಕಾಲು ನೋವಿನ ಕಥೆ ತೆಗೆದಳು. ಹ್ಞೂಂ ಹ್ಞೂಂ ಎನ್ನುತ್ತ ಅವಳು ಕಿಟಕಿಯಾಚೆ ಮಗನ ಮೂಳೆಗಳನ್ನು ಎಣಿಸುತ್ತಿದ್ದಳು. ಲಿಫ್ಟ್ ರಿಪೇರಿಯಲ್ಲಿದೆ ಎಂಬ ಫಲಕಕ್ಕೆ ಬೈದುಕೊಂಡು ಮೆಟ್ಟಿಲು ಹತ್ತಿ ಹತ್ತಿ ಏದುಸಿರು ಬಿಡುತ್ತ ಮೇಲೆ ಮುಟ್ಟಿದಾಗ, ಮಗ ಹಳದಿ ಹೆಲ್ಮೆಟ್ಟು ಹಾಕಿಕೊಂಡು ತೆರೆದ ಲಿಫ್ಟಿನ ಬಾಗಿಲ ಪಕ್ಕ ಕೂತು, ಜೊತೆಯ ಇಬ್ಬರೊಂದಿಗೆ ಡಬ್ಬಿಯಿಂದ ತಿನ್ನುತ್ತಿದ್ದ. ಏನೋ ಹೇಳಿ ನಗುತ್ತಿದ್ದ, ಅಪ್ಪನ ನಗು. ಅವಳನ್ನು ಕಂಡು, ಅಜ್ಜಿಗೇನಾದರೂ ಆಯಿತೇ ಎಂದು ಗಾಬರಿಯಿಂದ ಎದ್ದ. ಅವಳಿಗೆ ಉಸಿರು ಇರಲಿಲ್ಲ. ಇದ್ದಷ್ಟರಲ್ಲಿ ಒಂದೇ ಮಾತು ಹೊರಟಿತು.

“ಹತ್ರ ಬಾ. ಊದು.”

ಅವನು ಮೊದಲು ತಮಾಷೆ ಎಂದುಕೊಂಡ. ಅವಳ ಮುಖ ನೋಡಿ ನಗು ಇಳಿಯಿತು. ಊದಿದ. ಈರುಳ್ಳಿ, ಚಹಾ, ಅಷ್ಟೇ. ಅವಳು ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮೇಲಿನ ಮೆಟ್ಟಿಲಿನಿಂದ ಇಳಿದು ಬರುತ್ತಿದ್ದ ಮೇಸ್ತ್ರಿಯನ್ನು ಕಂಡು ಕೈ ಮುಗಿದು, ಇವನ ರಕ್ತದಲ್ಲಿ ಸ್ವಲ್ಪ ದೋಷ ಕಂಡಿದೆ, ಸ್ವಲ್ಪ ದಿನ ಎತ್ತರದ ಕೆಲಸ ಕೊಡಬೇಡಿ, ಇವರ ತಾತನಿಗೆ ಕುಡಿತವಿತ್ತು ಎಂದುಬಿಟ್ಟಳು. ಮೇಸ್ತ್ರಿ ಒಳ್ಳೆಯವನು, ಆದರೆ ಕುಡಿತ ಎಂಬ ಮಾತು ಕಿವಿಗೆ ಬಿದ್ದಮೇಲೆ ಹಗ್ಗ ಹಿಡಿಯಲು ಬಿಡುವ ಹಾಗಿಲ್ಲ, ಅದು ಅವರ ಕೆಲಸದ ನಿಯಮ. ಮುಖ ಚಿಕ್ಕದು ಮಾಡಿಕೊಂಡು, ನೀನು ಮನೆಗೆ ಹೋಗಪ್ಪ, ನಾಳೆ ನೋಡೋಣ ಎಂದ. ಜೊತೆಯವರು ಡಬ್ಬಿಯೊಳಗೆ ಬಹಳ ಆಸಕ್ತಿಯಿಂದ ನೋಡತೊಡಗಿದರು. ಒಬ್ಬ ಎದ್ದು ಅವಳಿಗೆ ಕೂರಲು ಪೆಟ್ಟಿಗೆಯೊಂದನ್ನು ಸರಿಸಿಕೊಟ್ಟ, ಆ ಮರ್ಯಾದೆಯೇ ಅವಳಿಗೆ ಹೆಚ್ಚು ಚುಚ್ಚಿತು. ಮಗ ಹೆಲ್ಮೆಟ್ಟು ಬಿಚ್ಚಿ ಗೋಡೆಯ ಮೊಳೆಗೆ ಹಾಕಿದ. ಮೆಟ್ಟಿಲಿಳಿಯುತ್ತ ಒಂದು ತಿರುವಿನಲ್ಲಿ ನಿಂತು, ದನಿ ಎತ್ತದೆ ಹೇಳಿದ:

“ತಿಂಗಳಿಗೆ ಒಂದೆರಡು ಸಲ ಬಿಯರ್ ಕುಡೀತೀನಮ್ಮ, ಕೇಳಿದ್ರೆ ನಾನೇ ಹೇಳ್ತಿದ್ದೆ. ನಾನು ತಾತ ಅಲ್ಲ. ನಾನು ಹುಟ್ಟೋಕೆ ಮುಂಚೇನೇ ನೀನು ನನ್ನ ರಿಪೋರ್ಟ್ ಬರೆದಿಟ್ಟಿದ್ದೀಯ. ನನಗೆ ಸಾಕಾಯ್ತು. ಗೆಳೆಯನ ರೂಮಲ್ಲಿ ಜಾಗ ಇದೆ, ಇವತ್ತು ರಾತ್ರಿನೇ ಹೋಗ್ತೀನಿ.”

ಅವನು ಹೋದ. ಅವಳು ಆ ತಿರುವಿನಲ್ಲೇ ನಿಂತಳು. ಹಿಂದೆ ಹೋಗಿ ಮೇಸ್ತ್ರಿಗೆ ಹೇಳಬೇಕೇ, ಮುಂದೆ ಹೋಗಿ ಮಗನನ್ನು ಹಿಡಿಯಬೇಕೇ ತಿಳಿಯಲಿಲ್ಲ. ಮಗ ಮನೆ ಬಿಟ್ಟರೆ ಅವನ ಅಂಗಿ ಮೂಸುವವರು ಯಾರು ಎಂಬ ಯೋಚನೆ ಬಂತು, ಅದು ಎಷ್ಟು ಹುಚ್ಚು ಯೋಚನೆ ಎಂದು ಗೊತ್ತಾಗಿಯೂ ಕಣ್ಣು ತುಂಬಿತು. ಮಧ್ಯಾಹ್ನವೆಲ್ಲ ಲ್ಯಾಬಿನಲ್ಲಿ ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು. ಒಂದು ಮಗು ಸೂಜಿ ನೋಡಿ ಅತ್ತಾಗ ಎಂದಿನಂತೆ, ಇರುವೆ ಕಚ್ಚಿದ ಹಾಗೆ ಅಷ್ಟೇ ಎಂದಳು. ಮಗು ಇವಳ ಮುಖ ನೋಡಿ, ನಿಂಗೂ ಕಚ್ತಾ ಎಂದು ಕೇಳಿತು.

ಮನೆಗೆ ಬಂದಾಗ ಮಗನ ಕೋಣೆಯ ಬಾಗಿಲು ಮುಚ್ಚಿತ್ತು, ಒಳಗೆ ಬಟ್ಟೆ ಮಡಿಸುವ, ಕಪಾಟು ತೆಗೆಯುವ ಸದ್ದು. ಬಾಗಿಲು ತಟ್ಟಲು ಕೈ ಎತ್ತಿ, ತಟ್ಟಲಾಗದೆ ಬಾಲ್ಕನಿಗೆ ಹೋಗಿ ಅತ್ತೆಯ ಪಕ್ಕ ಕುಸಿದಳು. ಅತ್ತೆಗೆ ವಯಸ್ಸು ಎಷ್ಟೆಂದು ಅತ್ತೆಗೇ ಲೆಕ್ಕ ತಪ್ಪಿತ್ತು, ಆದರೆ ಏಳು ಗಂಟೆ ಮಾತ್ರ ಗಡಿಯಾರ ನೋಡದೆ ಗೊತ್ತಾಗುತ್ತಿತ್ತು. ಸೀಸೆ ಸಿದ್ಧವಿತ್ತು. ಅತ್ತೆ ತನ್ನ ಚಮಚಕ್ಕೆ ಬಗ್ಗಿಸಿಕೊಂಡು ನೆಕ್ಕಿ ಮುಗಿಸಿದರು. ಅವಳು ತನ್ನ ಸ್ಟೀಲ್ ಲೋಟಕ್ಕೆ ಬಗ್ಗಿಸಿಕೊಂಡಳು, ಇವತ್ತು ಸ್ವಲ್ಪ ಕೈ ಧಾರಾಳವಾಯಿತು, ಬಗ್ಗಿಸಿಕೊಂಡು ಮಾತು ಶುರು ಮಾಡಿದಳು. ಕುಡಿತ ಎಂಬುದು ಮನೆ ಮುರುಕ ಚಟ ಅತ್ತೆ. ಒಂದು ಹನಿಯಿಂದಲೇ ಶುರುವಾಗುತ್ತದೆ. ಕುಡಿಯುವವರಿಗೆ ತಾವು ಕುಡಿಯುತ್ತಿದ್ದೇವೆಂದೇ ಗೊತ್ತಾಗುವುದಿಲ್ಲ. ಒಂದು ಗುಟುಕು. ರಕ್ತ ಅತ್ತೆ, ರಕ್ತ, ಅದು ಹೊತ್ತು ನೋಡಿಕೊಂಡು ಬಾಯಿ ಬಿಡುತ್ತದೆ. ಇನ್ನೊಂದು ಗುಟುಕು. ಕಾಲು ಬೆಚ್ಚಗಾದವು. ಎದುರು ಮನೆಯ ಬಟ್ಟೆ ಒಣಹಾಕುವ ಹಗ್ಗವೂ ಚೆಂದ ಕಾಣತೊಡಗಿತು. ಲೋಟ ಖಾಲಿಯಾದದ್ದು ಗೊತ್ತಾಗದೆ ಮತ್ತೆ ಬಗ್ಗಿಸಿಕೊಂಡಳು. ಅತ್ತೆ ಸೀಸೆಯ ಮುಚ್ಚಳ ತಿರುಗಿಸಿ ಸೀಸೆಯನ್ನು ತನ್ನ ಕುರ್ಚಿಯ ಆ ಕಡೆಗೆ ಇಟ್ಟುಕೊಂಡರು.

ಅಷ್ಟರಲ್ಲಿ ಗಂಡ ತರಕಾರಿ ಚೀಲದೊಂದಿಗೆ ಬಂದ. ಮೇಲೆಯೇ ಕಾಣುತ್ತಿದ್ದವು ಟೊಮೆಟೊ, ಕಲ್ಲಿನಂಥ ಹಸಿರು ಕಾಯಿಗಳು. ಅವಳು ಇಡೀ ದಿನದ ಕಥೆಯನ್ನು ಮತ್ತೆ ಮೊದಲಿನಿಂದ ಹೇಳಿದಳು. ಗಂಡ ಸಮಾಧಾನಿ, ತರಗತಿಯಲ್ಲಿ ತಪ್ಪು ಉತ್ತರ ಹೇಳಿದವನನ್ನು ಕೂರಿಸುವ ದನಿಯಲ್ಲಿ, ಟ್ಯೂಬೇ ಅದಲು ಬದಲಾಗಿರಬಹುದಲ್ಲವೇ ಎಂದ. ಆಗುವ ಮಾತೇ ಇಲ್ಲ, ಕೆಂಪು ದಾರವೇ ಇತ್ತು, ಕಣ್ಣಾರೆ ನೋಡಿದೆ ಎಂದಳು ಅವಳು. ಹಾಗಾದರೆ ಅವನದೇ, ಕೆಂಪನ್ನು ಅವನ ಟ್ಯೂಬಿಗೆ ಕಟ್ಟಿದವನು ನಾನೇ ತಾನೇ ಎಂದು ಗಂಡ ಸಾಕ್ಷಿ ಹೇಳುವವನಂತೆ ಒಳಗೆ ಹೋಗಿ ಹೊಲಿಗೆ ಪೆಟ್ಟಿಗೆ ತಂದ. ಮಗನೂ ಆಗಲೇ ಚೀಲ ಹೆಗಲಿಗೆ ಹಾಕಿ ಕೋಣೆಯಿಂದ ಹೊರಬಂದಿದ್ದ, ಅಜ್ಜಿಗೆ ಹೇಳಿ ಹೊರಡಲು. ಗಂಡ ಪೆಟ್ಟಿಗೆ ತೆರೆದು ಎಡಗಡೆಯ ಉಂಡೆಯನ್ನು ಎರಡು ಬೆರಳಲ್ಲಿ ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದ.

“ಇಗೋ ನೋಡು, ಇದೇ ಕೆಂಪು.”

ಅವನ ಬೆರಳಲ್ಲಿದ್ದದ್ದು ಎಲೆಯಂಥ ಹಸಿರು. ಅವಳ ಕಣ್ಣು ಉಂಡೆಯಿಂದ ಟೊಮೆಟೊಗೆ ಹೋಯಿತು, ಟೊಮೆಟೊದಿಂದ ಗಂಡನ ಮುಖಕ್ಕೆ. ಮದುವೆಯಾದ ವರ್ಷ ಅವನು ತಂದುಕೊಟ್ಟ ನೀಲಿ ಸೀರೆ ನೇರಳೆಯಾಗಿದ್ದದ್ದು, ಒಂದು ಕಾಲಿಗೆ ಕಂದು ಒಂದು ಕಾಲಿಗೆ ಹಸಿರು ಕಾಲುಚೀಲ ಹಾಕಿಕೊಂಡು ಶಾಲೆಯ ವಾರ್ಷಿಕೋತ್ಸವಕ್ಕೆ ಹೋಗಿದ್ದದ್ದು, ಎಲ್ಲ ಒಟ್ಟಿಗೆ ಬಂದು ನಿಂತವು. ಎಲ್ಲವನ್ನೂ ಅವಳು ಬೇಜವಾಬ್ದಾರಿ ಎಂದು ಬೈದು ಹೊಟ್ಟೆಗೆ ಹಾಕಿಕೊಂಡಿದ್ದಳು. ಊರಿನವರ ರಕ್ತವನ್ನೆಲ್ಲ ಓದಿದವಳಿಗೆ ಪಕ್ಕದಲ್ಲಿ ಮಲಗುವವನ ಕಣ್ಣು ಓದಲು ಬಂದಿರಲಿಲ್ಲ. ಅಪ್ಪ, ಅದು ಹಸಿರು ಎಂದು ಮಗ ಮೆಲ್ಲಗೆ ಹೇಳಿದ. ಗಂಡ ಉಂಡೆಯನ್ನು ಹತ್ತಿರ ತಂದು, ದೂರ ಹಿಡಿದು ನೋಡಿ, ಕೂತುಬಿಟ್ಟ. ಚಿಕ್ಕಂದಿನಲ್ಲಿ ಚಿತ್ರಕ್ಕೆ ಕೆಂಪು ಎಲೆ ಬರೆದು ತರಗತಿಯೆಲ್ಲ ನಕ್ಕಮೇಲೆ ಯಾರಿಗೂ ಹೇಳಿರಲಿಲ್ಲವಂತೆ. ಪೆಟ್ಟಿಗೆಯಲ್ಲಿ ಕೆಂಪು ಯಾವಾಗಲೂ ಎಡಕ್ಕಿರುತ್ತಿತ್ತು, ಆ ಗುರುತಿನಲ್ಲೇ ಕಟ್ಟಿದ್ದಂತೆ. ಹಿಂದಿನ ದಿನ ಗುಂಡಿ ಹೊಲಿಯಲು ಪೆಟ್ಟಿಗೆ ತೆಗೆದು ಉಂಡೆಗಳನ್ನು ಸಿಕ್ಕ ಸಿಕ್ಕ ಕಡೆ ಇಟ್ಟಿದ್ದ ಅತ್ತೆ ಆಕಾಶ ನೋಡಿದರು.

“ಹಾಗಾದ್ರೆ ಅಷ್ಟು ವರ್ಷ ನಕ್ಷೆ ಹೇಗೆ ಪಾಠ ಮಾಡಿದ್ರಿ?” ಎಂದಳು ಅವಳು.

“ಮಕ್ಕಳನ್ನೇ ಕೇಳ್ತಿದ್ದೆ. ಇದು ಯಾವ ಬಣ್ಣ, ಹೇಳಿ ನೋಡೋಣ, ಅಂತ,” ಎಂದ ಗಂಡ. “ಕಾಡು ಯಾವುದು ಬೆಟ್ಟ ಯಾವುದು ಅಂತ ಅವರೇ ಹೇಳೋರು. ಒಳ್ಳೇ ಮೇಷ್ಟ್ರು, ಪ್ರಶ್ನೆ ಕೇಳಿ ಕಲಿಸ್ತಾರೆ ಅಂತ ಹೆಸರು ಬಂತು.”

ಮೊದಲು ನಕ್ಕವರು ಅತ್ತೆ. ತನ್ನ ಅಪ್ಪನಿಗೂ ಹಾಗೇ ಇತ್ತು, ಮಾಗಿದ ಹಣ್ಣು ಬಿಟ್ಟು ಕಾಯಿ ಕೀಳುತ್ತಿದ್ದ ಎಂದರು, ತವರಿನಿಂದ ಬಂಗಾರದ ಬಳೆ ಬಂದ ಕಥೆ ಹೇಳುವ ಹಾಗೆ. ಅಂದರೆ ರಕ್ತ ಬಾಯಿ ಬಿಟ್ಟದ್ದು ನಿಜ, ಬಿಟ್ಟದ್ದು ಬೇರೆ ಯಾರದೋ ರಕ್ತ, ಬೇರೆ ಯಾವುದೋ ಮಾತು. ಅವಳು ಬಾಗಿಲಲ್ಲಿ ಕಣ್ಣಲ್ಲಿ ಕಣ್ಣಿಟ್ಟು ತನ್ನಪ್ಪನನ್ನು ಕಾಯುತ್ತಿದ್ದರೆ ಹಿತ್ತಲಿನಿಂದ ಅತ್ತೆಯ ಅಪ್ಪ ಬಂದು ಹಾಯಾಗಿ ಕೂತಿದ್ದ. ಅವಳಿಗೂ ನಗು ಬಂತು. ನಗುತ್ತಲೇ ಲೆಕ್ಕ ಹಾಕಿದಳು: ಹಸಿರು ದಾರದ ಟ್ಯೂಬಿನಲ್ಲಿ ಎಲ್ಲವೂ ಸರಿಯಿತ್ತು, ಕಲೆಯಿಲ್ಲದ ರಕ್ತ, ಅದು ಮಗನದು. ಹಾಗಾದರೆ ಕೆಂಪು? ನಗು ಅಲ್ಲಿಗೆ ನಿಂತಿತು. ಮೂವರೂ ಅವಳನ್ನು ನೋಡುತ್ತಿದ್ದರು. ಅವಳನ್ನಲ್ಲ, ಅವಳ ಕೈಯಲ್ಲಿದ್ದ ಲೋಟವನ್ನು.

ಮಗ ಕುರ್ಚಿಯ ಹಿಂದಿನಿಂದ ಸೀಸೆ ಎತ್ತಿ, ಕೆನ್ನೆ ಉಬ್ಬಿದ ಮಗುವಿನ ಕೆಳಗೆ ಇರುವೆ ಸಾಲಿನಂತಿದ್ದ ಅಕ್ಷರಗಳನ್ನು ಬೆಳಕಿಗೆ ಹಿಡಿದು ಓದಿದ. ಅವನ ಹುಬ್ಬು ಮೇಲೇರಿತು. “ಅಮ್ಮ, ನಾನು ಕುಡಿಯೋ ಬಿಯರಿಗಿಂತ ಇದು ಮೂರು ಪಟ್ಟು ಗಟ್ಟಿ.”

“ಅತ್ತೆ,” ಎಂದಳು ಅವಳು, ಕ್ಷೀಣ ದನಿಯಲ್ಲಿ.

“ನಾನು ಒಂದು ಚಮಚ ಅಂದಿದ್ದೆ,” ಎಂದರು ಅತ್ತೆ. “ಲೋಟ ತಂದಿದ್ದು ನೀನು.”

ನಿಜ. ಮೊದಲು ಚಮಚ, ಆಮೇಲೆ ಎರಡು ಚಮಚ, ಆಮೇಲೆ ಚಮಚ ತೊಳೆಯುವುದು ಯಾರು ಎಂದು ಲೋಟ. ಎಷ್ಟು ಸಂಜೆ ಬಸ್ಸು ತಡವಾದಾಗ ಕೈಕಾಲು ಚಡಪಡಿಸಿದ್ದವು, ಎಷ್ಟು ಸಲ ಔಷಧಿ ಅಂಗಡಿಯಲ್ಲಿ ದೊಡ್ಡ ಸೀಸೆ ಕೊಡಿ ಎಂದು ಕೇಳಿದ್ದಳು. ಅರ್ಧ ಅಪ್ಪನಿಂದ ಬಂದದ್ದು, ಅರ್ಧ ಅತ್ತೆಯ ಸಹವಾಸ. ಡಾಕ್ಟರಮ್ಮನ ಲೆಕ್ಕ ಇಷ್ಟು ಚೊಕ್ಕವಾಗಿ ಕೂತದ್ದು ಇದೇ ಮೊದಲಿರಬೇಕು. ನಾಚಿಕೆಯಿಂದ ಕಿವಿ ಕಾದವು. ತನ್ನ ಮುಖ ಈಗ ಬಾಗಿಲು ತೆರೆದಾಗ ಕಾಣುತ್ತಿದ್ದ ಅಪ್ಪನ ಮುಖದಂತೆಯೇ ಇರಬೇಕು, ತಪ್ಪು ಮಾಡಿ ಸಿಕ್ಕಿಬಿದ್ದವನ ಆ ಸಿಹಿ ಮುಖ. ಆ ಮುಖವನ್ನು ತಾನು ಎಷ್ಟು ಪ್ರೀತಿಸಿದ್ದೆ ಎಂದು ನೆನೆದರೆ ಎದೆ ತುಂಬಿ ಬಂತು. ಈ ಸಲ ಅದನ್ನು ಬಚ್ಚಿಡಬೇಕು ಅನ್ನಿಸಲಿಲ್ಲ. ಲೋಟದಲ್ಲಿ ಉಳಿದದ್ದನ್ನು ಬಾಲ್ಕನಿಯ ಗಿಡದ ಕುಂಡಕ್ಕೆ ಸುರಿದಳು. ಅತ್ತೆ ಅಯ್ಯೋ ಎಂದರು, ಗಿಡಕ್ಕಾಗಿಯೋ ಟಾನಿಕ್ಕಿಗಾಗಿಯೋ ತಿಳಿಯಲಿಲ್ಲ. ಆಮೇಲೆ ಅವಳು ಮಗನ ಮುಂದೆ ಹೋಗಿ ನಿಂತಳು. ಚೀಲ ಇನ್ನೂ ಅವನ ಹೆಗಲಲ್ಲೇ ಇತ್ತು. ಅದರ ಪಟ್ಟಿಯನ್ನು ನೋಡುತ್ತಲೇ ಮಾತಾಡಿದಳು.

“ತಪ್ಪಾಯ್ತು ಕಣೋ. ನಾಳೆ ನಿಮ್ಮ ಮೇಸ್ತ್ರಿ ಹತ್ರ ನಾನೇ ಬಂದು ಹೇಳ್ತೀನಿ.”

“ಏನಂತ ಹೇಳ್ತೀಯ? ನನ್ನ ಮಗ ಕುಡಿಯಲ್ಲ, ಕುಡಿಯೋಳು ನಾನು ಅಂತಾನಾ?”

“ಹೂಂ. ಹಾಗೇ ಹೇಳ್ತೀನಿ.”

ಅವನ ತುಟಿಯ ಒಂದು ಕೊನೆ ನಡುಗಿತು. ಚೀಲವನ್ನು ನೆಲಕ್ಕೆ ಇಳಿಸಿ, ಕೈಕಟ್ಟಿ, ಮಧ್ಯಾಹ್ನ ಅವಳು ನಿಂತ ಹಾಗೆಯೇ ನಿಂತ.

“ಹತ್ರ ಬಾ. ಊದು.”

ಅವಳು ಹತ್ತಿರ ಹೋದಳು. ಮಗ ಎತ್ತರ, ಮುಖ ಮೇಲೆತ್ತಿ, ತುಟಿ ಚೂಪು ಮಾಡಿ ಊದಿದಳು. ಉಸಿರಿನ ಬದಲು ಶಿಳ್ಳೆ ಬಂತು. ಸಣ್ಣದು, ಗಾಳಿ ಬೆರೆತದ್ದು, ಆದರೆ ಶಿಳ್ಳೆಯೇ. ಇಷ್ಟು ವರ್ಷ ಬಾಯಿಯೊಳಗೆ ಕೂತಿದ್ದದ್ದು ತಾನಾಗಿ ಹೊರಟು, ನಿಲ್ಲಿಸಬೇಕೆನ್ನುವಷ್ಟರಲ್ಲಿ ಹಾಡಾಗಿ, ಅಪ್ಪ ಬೀಗದ ತೂತು ಹುಡುಕುತ್ತ ಹಾಕುತ್ತಿದ್ದ ಅದೇ ಹಾಡಾಗಿ ಮುಂದೆ ಹೋಯಿತು. ಗಂಡ ಕಾಯಿ ಟೊಮೆಟೊ ಹಿಡಿದುಕೊಂಡೇ ಎದ್ದು ನಿಂತ. ಹಾಡು ಅರ್ಧಕ್ಕೆ ಬಂದು ನಿಂತುಹೋಯಿತು, ಅಮ್ಮ ಬಾಗಿಲು ತೆಗೆಯುತ್ತಿದ್ದ ಜಾಗದಲ್ಲಿ. ಅಲ್ಲಿಂದಾಚೆಗೆ ಅವಳಿಗೆ ಬರುತ್ತಿರಲಿಲ್ಲ. ಇದು ನಿನ್ನ ತಾತ ಕುಡಿದಾಗ ಹಾಕುತ್ತಿದ್ದದ್ದು, ಕುಡಿತದ ಜೊತೆ ಇದನ್ನೂ ಬಿಟ್ಟುಬಿಟ್ಟ ಎಂದಳು, ಕಣ್ಣೊರೆಸಿಕೊಳ್ಳುತ್ತ.

“ಯಾರು ಹೇಳಿದ್ದು?” ಎಂದ ಮಗ. “ಅಂಗಡೀಲಿ ಬೀಗ ಬಿಚ್ಚಿ ಕೂತ್ಕೊಂಡು ದಿನಾ ಹಾಕ್ತಿದ್ದ ತಾತ. ಚಹಾ ಬಿಟ್ರೆ ಬೇರೇನೂ ಕುಡೀತಿರಲಿ‍ಲ್ಲ ಆಗ. ನನಗೆ ಕಲಿಸಿದ್ದೇ ಆಗ. ನಿನಗೆ ಕೇಳಿಸೋಣ ಅಂದ್ರೆ ನೀನು ಗದರಿಸ್ತಿದ್ದೆ.”

ಅವನು ಕಾಲಿನಿಂದ ಚೀಲವನ್ನು ಮೇಜಿನ ಕೆಳಗೆ ತಳ್ಳಿ, ತುಟಿ ಒದ್ದೆ ಮಾಡಿಕೊಂಡು, ಅವಳು ಬಿಟ್ಟ ಜಾಗದಿಂದ ಹಾಡನ್ನು ಎತ್ತಿಕೊಂಡ. ಅವಳು ಅತ್ತೆಯ ಪಕ್ಕ ಕೂತು ಉಳಿದರ್ಧವನ್ನು ಮೊದಲ ಸಲ ಕೇಳಿದಳು.